ಬೋಗನ್‌ವಿಲ್ಲಾಕ್ಕೆ ದಿನಾ ನೀರು

ಆ ಫೋಟೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲು, ಡಿವೈಡರ್ ಪಕ್ಕ ನಿಂತ ಟ್ಯಾಂಕರ್, ಡಿವೈಡರಿನ ಗಿಡಗಳಿಗೆ ಪೈಪು ಹಿಡಿದ ಹುಡುಗ, ಹಿಂದೆ ಹಾರ್ನ್ ಬಾರಿಸುತ್ತಿರುವ ಸಿಟಿ ಬಸ್ಸುಗಳು. ಅತ್ತ ಇಡೀ ಮಂಗಳೂರು ತನಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರು ಉಳಿದಿದೆ ಎಂದು ಬೆಳಿಗ್ಗೆ ಎದ್ದು ಪೇಪರ್ ಬಿಡಿಸಿ ನೋಡುತ್ತಿದೆ.

ಗಿಡಕ್ಕೆ ನೀರು ಹಾಕುವುದು ಪುಣ್ಯದ ಕೆಲಸ. ಆದರೆ ಯಾವ ಗಿಡಕ್ಕೆ ಮಾರಾಯ್ರೆ? ಬೋಗನ್‌ವಿಲ್ಲಾಕ್ಕೆ! ನೆಟ್ಟ ಸಸಿಗೆ ಬೇರು ಹಿಡಿಯುವವರೆಗೆ ನೀರು ಬೇಕು, ಒಪ್ಪಿದೆ. ಇವು ಆಳೆತ್ತರ ಬೆಳೆದು ಬೈಕಿನವರ ತೋಳು ಗೀರುವಷ್ಟು ಮುಳ್ಳು ಬಿಟ್ಟವು. ಬೇರೂರಿದ ಮೇಲೆ ಈ ಗಿಡ ಕೇಳುವುದು ದಿನಕ್ಕೆ ಐದಾರು ಗಂಟೆ ನೇರ ಬಿಸಿಲು, ನೀರು ನಿಲ್ಲದ ಮಣ್ಣು, ಮತ್ತೆ ಒಂದಿಷ್ಟು ಅಸಡ್ಡೆ. ಮಣ್ಣು ಒಣಗಿದರೆ ಹೂ, ದಿನಾ ಕುಡಿಸಿದರೆ ಬರೀ ಸೊಪ್ಪು. ಅಸಡ್ಡೆಯೇ ಆರೈಕೆಯಾದ ಗಿಡ ನಮ್ಮ ಆಡಳಿತಕ್ಕೆಂದೇ ಹೇಳಿ ಮಾಡಿಸಿದ್ದು. ರಸ್ತೆ, ಚರಂಡಿ, ಬೀದಿದೀಪಗಳಲ್ಲಿ ಗಳಿಸಿದ ಅನುಭವ ಉಂಟಲ್ಲ, ಅದನ್ನೇ ಇಲ್ಲಿಯೂ ತೋರಿಸಿದ್ದರೆ ಸಾಕಿತ್ತು. ಅಲಕ್ಷ್ಯ ಮಾಡಬೇಕಾದ ಒಂದೇ ಒಂದು ಜಾಗದಲ್ಲಿ ಇವರಿಗೆ ಕಾಳಜಿ ಉಕ್ಕಿತು!

ನಮ್ಮ ಪಕ್ಕದ ಮನೆಯ ಅಜ್ಜಿ ಪೈಂಟಿನ ಡಬ್ಬಿಯ ಅಡಿಗೆ ತೂತು ಕೊರೆದು ಒಂದು ಬೆಳೆಸಿದ್ದಾರೆ. ಮಳೆಗಾಲದಲ್ಲಿ ಮಾಡಿನ ಕೆಳಗೆ ಎಳೆದಿಡುತ್ತಾರೆ, ಮಳೆ ಬಿಟ್ಟ ಮೇಲೆ ಕೊಂಬೆ ಸವರುತ್ತಾರೆ, ಎಲೆ ಜೋತಾಗ ಒಂದು ಚೆಂಬು ನೀರು. ಡಿಸೆಂಬರ್ ಕಳೆದರೆ ಎಲೆ ಕಾಣದಷ್ಟು ಹೂ. ಇದಕ್ಕಾಗಿ ಅವರು ಸಮಿತಿ ರಚಿಸಿದ್ದಿಲ್ಲ.

ಗಿಡದ ಜಾತಕವೂ ತಮಾಷೆಯದ್ದೇ. 1767ರಲ್ಲಿ ಬ್ರೆಜಿಲಿನ ರಿಯೋದಲ್ಲಿ ಇದನ್ನು ದಾಖಲಿಸಿದ್ದು ಫ್ರೆಂಚ್ ಸಸ್ಯಶಾಸ್ತ್ರಜ್ಞ ಕಾಮರ್ಸನ್. ಗಂಡುವೇಷದಲ್ಲಿ ಹಡಗು ಹತ್ತಿ ಅವನ ಜೊತೆ ಗಿಡಗಂಟಿ ಹೊತ್ತು ತಿರುಗಿದವಳು ಜ್ಯಾನ್ ಬಾರೆ. ಹೆಸರು ಹೋದದ್ದು ಯಾನದ ನಾಯಕ ಬೋಗನ್‌ವಿಲ್‌ಗೆ. ಕೆಲಸ ಮಾಡಿದವರನ್ನು ಬಿಟ್ಟು ಮುಖ್ಯ ಅತಿಥಿಯ ಹೆಸರು ಕೆತ್ತುವ ನಮ್ಮ ಉದ್ಘಾಟನಾ ಫಲಕಗಳಿಗೆ ಎಂಥ ಭವ್ಯ ಪರಂಪರೆ ನೋಡಿ!

ಇನ್ನು ನಾವು ಹೂವೆಂದು ಸೆಲ್ಫಿ ತೆಗೆಯುವ ಆ ನೇರಳೆ, ಗುಲಾಬಿ ಬಣ್ಣದ್ದು ಹೂವೇ ಅಲ್ಲ, ಬಣ್ಣ ಬಂದ ಎಲೆ. ಅಸಲಿ ಹೂ ನಡುವಿನ ಸಣ್ಣ ಬಿಳಿಯದ್ದು. ನಗರ ಸೌಂದರ್ಯೀಕರಣಕ್ಕೆ ಇದಕ್ಕಿಂತ ಪ್ರಾಮಾಣಿಕ ಗಿಡ ಸಿಗಲಿಕ್ಕಿಲ್ಲ.

ತಮಾಷೆ ಸಾಕು. 2023ರ ಮೇಯಲ್ಲಿ ಇದೇ ಊರಿಗೆ ದಿನ ಬಿಟ್ಟು ದಿನ ನೀರು ಬಿಟ್ಟರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿದು. ಇಲ್ಲಿ ಗುಡ್ಡೆ ಮೇಲಿನ ಮನೆಯ ಹೆಂಗಸರು ರಾತ್ರಿ ನಿದ್ದೆ ಬಿಟ್ಟು ನಳ್ಳಿಯ ಕೆಳಗೆ ಕೊಡಪಾನ ಇಟ್ಟು ಕಾಯಬೇಕು. ಆ ಟ್ಯಾಂಕರ್ ಒಂದು ಲೋಡು ಅವರ ಓಣಿಗೆ ಹೋಗಿದ್ದರೆ ಯಾರೂ ಫೋಟೋ ತೆಗೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ.

ಜೂನ್ ಬರಲಿ. ಕಾಂಕ್ರೀಟ್ ಗೋಡೆಗಳ ನಡುವೆ ನೀರು ನಿಂತು ಬೇರು ಕೊಳೆಯುತ್ತದೆ. ಆಮೇಲೆ ಹೊಸ ಸಸಿಗೆ ಟೆಂಡರ್. ಹೊಸ ಸಸಿ ಅಂದ ಮೇಲೆ ನೀರು ಬೇಕೇ ಬೇಕಲ್ಲ.