ಏಳಕ್ಕೆ ಏಳು ಅಂಕದ ಎಲೆಕೋಸು

ಕಾಲೇಜಿನಲ್ಲಿದ್ದಾಗ ಮನಃಶಾಸ್ತ್ರ ಓದುತ್ತಿದ್ದ ಗೆಳತಿಯೊಬ್ಬಳು ಪ್ರಶ್ನೆಪಟ್ಟಿ ಹಿಡಿದು ಬಂದಳು. ಹುಡುಗರು ತರಕಾರಿ ಯಾಕೆ ತಿನ್ನಲ್ಲ ಅನ್ನೋದು ಅವಳ ಪ್ರಾಜೆಕ್ಟು. 'ಮುಂದಿನ ವಾರ ತರಕಾರಿ ತಿನ್ನುವ ಉದ್ದೇಶ ಇದೆಯೇ?' ಒಂದರಿಂದ ಏಳರವರೆಗೆ ಅಂಕ ಕೊಡಬೇಕು. ಧಾರಾಳವಾಗಿ ಏಳಕ್ಕೆ ಸುತ್ತು ಹಾಕಿದೆ. ಮೂರು ವಾರದ ಹಿಂದೆ ಇದೇ ಉದ್ದೇಶದಿಂದ ತಂದ ಎಲೆಕೋಸು ಆಗ ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಕಪ್ಪಗಾಗಿ ನೀರು ಬಿಡುತ್ತಿತ್ತು.

ದಿನಕ್ಕೆ ಎಷ್ಟು ಸಲ ತಿನ್ನುತ್ತೀರಿ? ಐದು ಅಂತ ಬರೆದೆ. ಪಕ್ಕದಲ್ಲಿದ್ದ ರೂಮ್‌ಮೇಟ್‌ಗೆ ಕೆಮ್ಮು ಬಂತು. ಗೆಳತಿ ಲೆಕ್ಕ ಕೇಳಿದಳು. ಚಿಪ್ಸ್ ನಾಲ್ಕು ಸಲ, ಬರ್ಗರಿನೊಳಗಿನ ಈರುಳ್ಳಿ ಒಂದು ಸಲ.

"ಆಲೂಗಡ್ಡೆ ಲೆಕ್ಕಕ್ಕಿಲ್ಲ ಕಣೋ!"

ನಿಜವಂತೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಿ ಅನ್ನುತ್ತದೆ, ಆಲೂಗಡ್ಡೆಯನ್ನು ಮಾತ್ರ ಅದರಲ್ಲಿ ಸೇರಿಸಲ್ಲ. ಐದು ಇದ್ದದ್ದು ಒಂದಕ್ಕೆ ಇಳಿಯಿತು. ಆ ಈರುಳ್ಳಿಯನ್ನೂ ನಾನು ತೆಗೆದು ಪಕ್ಕಕ್ಕಿಡುತ್ತಿದ್ದೆ. ಅದನ್ನು ಹೇಳಲಿಲ್ಲ.

ಬೇರೆ ದಾರಿ ಹಿಡಿದೆ. ಕಹಿ ಗುರುತಿಸುವ ಜೀನ್ ಎಲ್ಲರಲ್ಲೂ ಒಂದೇ ಥರ ಇರಲ್ಲ, ಕೆಲವರ ನಾಲಿಗೆಗೆ ಎಲೆಕೋಸು ಜಾಸ್ತಿ ಕಹಿ, ನಾನು ಆ ಜಾತಿ ಅಂದೆ. "ಯಾವಾಗ ತಿಂದು ನೋಡಿದೆ?" ಅಂದಳು. ಮನಃಶಾಸ್ತ್ರದವರ ಹತ್ತಿರ ವಾದ ಮಾಡಬಾರದು.

ಆಮೇಲೆ ಆತ್ಮವಿಶ್ವಾಸದ ಪ್ರಶ್ನೆಗಳು. ಇದು ನನ್ನಿಂದ ಆಗುತ್ತೆ ಅನ್ನೋ ನಂಬಿಕೆ ಇದ್ದವರೇ ಕೆಲಸಕ್ಕೆ ಕೈಹಾಕಿ ಕೊನೆತನಕ ನಿಲ್ಲುತ್ತಾರೆ ಅಂತ ಬಂಡುರಾ ಅನ್ನೋ ಮನಃಶಾಸ್ತ್ರಜ್ಞ 1977ರಲ್ಲೇ ಬರೆದಿದ್ದರಂತೆ. ನನಗೂ ಆ ನಂಬಿಕೆ ಇತ್ತು. ಬೀನ್ಸ್ ಹೆಚ್ಚಲು ಕೂತ ದಿನ, ಮೂರನೇ ಬೀನ್ಸಿಗೆ ಬೆರಳು ಕುಯ್ದುಕೊಂಡೆ. ನಂಬಿಕೆಗೂ ಬೆರಳಿಗೂ ಒಟ್ಟಿಗೇ ಬ್ಯಾಂಡೇಜ್ ಬಿತ್ತು.

ಗೆಳತಿಗೆ ಕನಿಕರ ಬಂತೋ ಏನೋ, ಸುಲಭದ ಉಪಾಯ ಹೇಳಿಕೊಟ್ಟಳು. ಹೆಚ್ಚುವ ರಗಳೆ ಇಲ್ಲದ್ದು ತಾ, ಡ್ರಾಯರಿಗೆ ಹಾಕಬೇಡ, ಕಣ್ಣಿಗೆ ಬೀಳೋ ಹಾಗೆ ಇಡು. ಎದುರಿಗಿದ್ದರೆ ಕೈ ತಾನಾಗಿ ಹೋಗುತ್ತೆ. ಒಂದು ವಾರದ ಲೆಕ್ಕ ಬರೆದುಕೊಡು ಅಂತ ಡೈರಿಯನ್ನೂ ಕೊಟ್ಟಳು.

ಆರು ಕ್ಯಾರೆಟ್ ತೊಳೆದು ಮೇಜಿನ ಮೇಲಿಟ್ಟೆ. ಉಪಾಯ ಸುಳ್ಳಾಗಲಿಲ್ಲ. ಕಣ್ಣಿಗೆ ಬಿತ್ತು, ಕೈ ತಾನಾಗಿ ಹೋಯಿತು, ಎರಡೇ ದಿನದಲ್ಲಿ ತಟ್ಟೆ ಖಾಲಿ. ಕಣ್ಣೂ ಕೈಯೂ ಎರಡೂ ರೂಮ್‌ಮೇಟ್‌ನವು, ಅಷ್ಟೇ.

ಡೈರಿಯಲ್ಲಿ 'ಕ್ಯಾರೆಟ್: 6' ಅಂತ ಬರೆದು ಕೊಟ್ಟೆ. ತಿಂದವರು ಯಾರು ಅಂತ ಬರೆಯಲು ಅದರಲ್ಲಿ ಕಾಲಮ್ ಇರಲಿಲ್ಲ.