ಬೋರಮಾಳದ ತೂಕವೆಲ್ಲ ಬಂಗಾರವಲ್ಲ

ಮದುವೆ ಸೀಸನ್ ಬಂತು ಅಂದ್ರೆ ಮುಂಬೈ ಕನ್ನಡಿಗರ ಮನೆಗಳಲ್ಲಿ ಅಜ್ಜಿಯ ಬೋರಮಾಳ, ಅಂದ್ರೆ ಚಿನ್ನದ ಗುಂಡಿನ ಸರ, ಕಪಾಟಿನಿಂದ ಹೊರಗೆ ಬರುತ್ತೆ. ಝವೇರಿ ಬಜಾರ್‌ನಲ್ಲಿ ಅದನ್ನ ಹಾಕಿ ಹೊಸ ನೆಕ್ಲೆಸ್ ತರೋ ಯೋಚನೆ. ಹೋಗೋ ಮುಂಚೆ ಈ ಲೆಕ್ಕ ತಿಳ್ಕೊಳ್ಳಿ.

ಬೋರಮಾಳದ ಗುಂಡು ಗಟ್ಟಿ ಬಂಗಾರ ಅಲ್ಲ. ತೆಳು ತಗಡಿನ ಟೊಳ್ಳು ಮಣಿ, ಒಳಗೆ ಅರಗು. ಅರಗಿಲ್ಲದಿದ್ರೆ ಒತ್ತಿದ ಕೂಡಲೇ ನೆಗ್ಗುತ್ತೆ. ಹಾಗಾಗಿ ಅರಗಿನ ತೂಕ ಕಳೆಯೋದು ನ್ಯಾಯವೇ, ಅದಕ್ಕೆ ಜಗಳ ಬೇಡ.

ಜಗಳ ಆಡಬೇಕಾದ್ದು ಆಮೇಲೆ. 20 ಗ್ರಾಂ ಸರ ಕರಗಿಸಿದ ಮೇಲೆ 14 ಗ್ರಾಂ ಉಳೀತು, ಟೆಸ್ಟ್‌ನಲ್ಲಿ ಶುದ್ಧತೆ 88% ಬಂತು ಅಂದ್ಕೊಳ್ಳಿ. ಅಪ್ಪಟ ಚಿನ್ನ 12.32 ಗ್ರಾಂ. ಅದನ್ನ 22 ಕ್ಯಾರಟ್‌ನ ಶುದ್ಧತೆಯಾದ 0.916ರಿಂದ ಭಾಗಿಸಿದ್ರೆ 22 ಕ್ಯಾರಟ್ ಲೆಕ್ಕದಲ್ಲಿ 13.45 ಗ್ರಾಂ. ಇದರ ಮೇಲೆ ‘ಘಟ’ (ತೂಕದ ಕಡಿತ) ಅಂತ ಮತ್ತೆ ನಾಲ್ಕೈದು ಪರ್ಸೆಂಟ್ ಮುರಿದ್ರೆ ಸುಮ್ಮನಿರಬೇಡಿ. ಬೆಸುಗೆಯ ತಾಮ್ರ, ಬೆಳ್ಳಿ ಎಲ್ಲ ಆ 88ರಲ್ಲೇ ಲೆಕ್ಕ ಆಗಿಹೋಗಿದೆ. ಅಂಗಡಿಯವರಿಗೆ ಲಾಭ ಬೇಕಿದ್ರೆ ಲಾಭ ಅಂತಲೇ ಬರೀಲಿ.

ಕರಗಿಸೋ ಮುಂಚೆ ಎಕ್ಸ್‌ಆರ್‌ಎಫ್ ಮಷೀನ್ (ಎಕ್ಸ್-ರೇ ಬಿಟ್ಟು ಶುದ್ಧತೆ ನೋಡೋ ಯಂತ್ರ) ತೋರಿಸೋ ಅಂಕಿಯನ್ನ ಪೂರ್ತಿ ನಂಬಬೇಡಿ. ಅದಕ್ಕೆ ಕಾಣೋದು ಮೇಲ್ಪದರದ ಕೆಲವೇ ಮೈಕ್ರಾನ್. ಚಿನ್ನದ ಪಾಲಿಶ್ ಹಾಕಿಸಿದ ಕಡೆ ಹೆಚ್ಚು ತೋರಿಸುತ್ತೆ, ಬೆಸುಗೆ ಮೇಲೆ ಇಟ್ರೆ ಕಮ್ಮಿ. ಕರಗಿಸಿ, ಚೆನ್ನಾಗಿ ಕಲಕಿ, ಆಮೇಲೆ ನೋಡಿದ್ದೇ ನಿಜವಾದ ಶುದ್ಧತೆ. ಆದ್ರೆ ಒಮ್ಮೆ ಕರಗಿದ್ರೆ ನಿಮ್ಮ ಕೈಲಿ ಚೌಕಾಸಿಗೆ ಏನೂ ಉಳಿಯಲ್ಲ. ದರ, ಕಡಿತ ಎರಡನ್ನೂ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಕರಗಿಸುವಾಗ ಎದುರಲ್ಲೇ ನಿಂತಿರಿ, ಕರಗಿಸೋ ಪಾತ್ರೆಯಾದ ಮೂಸೆಯನ್ನೂ ನೋಡಿ: ಕರಗಿಸೋಕೆ ಹಾಕಿದ, ಗಾಜಾಗಿ ಅಂಟಿದ ಬಿಳಿಗಾರದೊಳಗೆ ಸಾಸಿವೆಯಷ್ಟು ಚಿನ್ನದ ಹನಿಗಳು ಸಿಕ್ಕಿಕೊಂಡಿರುತ್ತವೆ. ಕೆರೆದು ತೂಕಕ್ಕೆ ಹಾಕಿಸಿ.

ಹಳೇ ಚೀಟಿಯಲ್ಲಿ ‘2 ತೊಲ’ ಅಂತಿದ್ರೆ ಅದು ಸುಮಾರು 23.3 ಗ್ರಾಂ. ಇವತ್ತು ಮುಂಬೈ ಬಜಾರ್‌ನಲ್ಲಿ ತೊಲ ಅಂದ್ರೆ 10 ಗ್ರಾಂ, ಗಲಾಟೆ ಶುರುವಾಗೋದೇ ಇಲ್ಲಿ. ಇನ್ನೊಂದು, 1963ರ ಚಿನ್ನ ನಿಯಂತ್ರಣ ನಿಯಮದಲ್ಲಿ 14 ಕ್ಯಾರಟ್ ಮೀರಿದ ಹೊಸ ಒಡವೆ ಮಾಡೋ ಹಾಗಿರಲಿಲ್ಲ. ಆ ಮಿತಿ 1966ರಲ್ಲಿ ಹೋಯ್ತು. ಆ ಕಾಲದ ಒಡವೆ ಕಮ್ಮಿ ಶುದ್ಧತೆ ತೋರಿಸಿದ್ರೆ ಅಕ್ಕಸಾಲಿಗರನ್ನ ಬೈಯೋ ಮುಂಚೆ ಇದು ನೆನಪಿರಲಿ.

ಹೊಸದನ್ನ ತಗೊಳ್ಳುವಾಗ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, 22 ಕ್ಯಾರಟ್ ಅನ್ನೋ 22ಕೆ916, ಆ ಒಡವೆಯ ಗುರುತಿನ ಸಂಖ್ಯೆಯಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಮೂರೂ ಇರಬೇಕು. ಎಚ್‌ಯುಐಡಿಯನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ಕೈಯಲ್ಲಿರೋದು ನೆಕ್ಲೆಸ್, ಆ್ಯಪ್ ತೋರಿಸೋದು ಉಂಗುರ ಅಂತಾದ್ರೆ ದುಡ್ಡು ಕೊಡಬೇಡಿ.