ಸತ್ಯಾಂಶ: ಟರ್ಕಿ ಕೋಳಿ ಮಳೆ ನೋಡುತ್ತಾ ನಿಂತು ಸಾಯುತ್ತದೆಯೇ?

ಮಳೆ ಬಂದರೆ ಟರ್ಕಿ ಕೋಳಿ ಬಾಯಿ ತೆರೆದು ಆಕಾಶ ನೋಡುತ್ತಾ ನಿಲ್ಲುತ್ತದೆ, ಗಂಟಲಿಗೆ ನೀರು ತುಂಬಿ ಸಾಯುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಈ ಹಕ್ಕಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಮೇಲೆ ನೋಡಬೇಕಾದರೆ ಅದು ತಲೆಯನ್ನು ಓರೆ ಮಾಡಿ ಒಂದು ಕಣ್ಣನ್ನು ಆಕಾಶಕ್ಕೆ ತಿರುಗಿಸುತ್ತದೆ, ಕೊಕ್ಕು ಎತ್ತಬೇಕಾಗಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಕಾಡು ಟರ್ಕಿಗಳು ಹಳ್ಳಿಮನೆಯ ಹಿಂದಿನ ಹೊಲದವರೆಗೂ ಬರುತ್ತವೆ. ಜಡಿಮಳೆಯಲ್ಲಿ ಬಯಲಿನ ನಡುವೆ ಕತ್ತು ಒಳಗೆಳೆದುಕೊಂಡು ನಿಂತಿರುತ್ತವೆ, ನೀರು ಗರಿಗಳ ಮೇಲಿಂದ ಜಾರಿ ಹೋಗುತ್ತಿರುತ್ತದೆ. ಹನಿ ತೊಟ್ಟಿಕ್ಕುವ ಕಾಡಿನಲ್ಲಿ ಶತ್ರುವಿನ ಹೆಜ್ಜೆ ಸರಿಯಾಗಿ ಕೇಳಿಸದು, ಅದಕ್ಕೇ ಬಯಲಿಗೆ ಬರುತ್ತವೆ ಎನ್ನುತ್ತಾರೆ ಬೇಟೆಗಾರರು. ಮಳೆಯ ದಿನ ಅವರು ಹೊಲದಂಚಿನಲ್ಲೇ ಕಾಯುತ್ತಾರೆ. ಇಷ್ಟು ಎಚ್ಚರದ ಹಕ್ಕಿಯನ್ನು ದಡ್ಡ ಎನ್ನುವುದು ಅನ್ಯಾಯ.

ಮಳೆಗೆ ನಿಜವಾಗಿ ಬಲಿಯಾಗುವುದು ಎಳೆಯ ಮರಿಗಳು, ಅದೂ ಚಳಿಯಿಂದ. ಅವುಗಳ ಮೈಮೇಲೆ ಇರುವುದು ಮೃದುವಾದ ತುಪ್ಪುಳ ಮಾತ್ರ. ನೆನೆದರೆ ಮೈಬಿಸಿ ನಿಲ್ಲುವುದಿಲ್ಲ. ಮರಿಗಳು ಮರವೇರುವಷ್ಟು ಹಾರಲು ಸುಮಾರು 2 ವಾರ ಬೇಕು. ಅಲ್ಲಿಯವರೆಗೆ ತಾಯಿ ರಾತ್ರಿಯೆಲ್ಲ ನೆಲದಲ್ಲೇ ಕುಳಿತು, ರೆಕ್ಕೆ ಅಗಲಿಸಿ, ಅವುಗಳನ್ನು ತನ್ನ ಅಡಿಯಲ್ಲಿ ಸೇರಿಸಿಕೊಂಡಿರುತ್ತದೆ.